ಫ್ಯಾನ್ ಕೆಳಗಿನ ಸೇವೆ

ಊರಿನ ಹೆಸರು, ಮನೆ ಹೆಸರು ಬರೆಯುವುದಿಲ್ಲ. ಮಡಿಕೇರಿಯಿಂದ ದೂರವಿಲ್ಲದ ಒಂದು ಐನ್‌ಮನೆ, ಅಂದರೆ ಕೊಡವ ಮನೆತನದ ಮೂಲಮನೆ, ಮೊನ್ನೆಯ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್, ಅಷ್ಟು ಸಾಕು.

ತೋಕ್‌ಪೂ ಸಿಕ್ಕಿಸಿದ ಕೋವಿಗಳ ಪೂಜೆ ಮುಗಿದು ಅಕ್ಕಿಯುಂಡೆ ಕಡಂಬುಟ್ಟು, ಪಂದಿ ಕರಿ ಬಡಿಸುತ್ತಿದ್ದರು. ಗೆಳತಿಯ ಮಗ ಗೋಡೆಯ ಫೋಟೋಗಳನ್ನು ಒಂದೊಂದಾಗಿ ವಿಚಾರಿಸುತ್ತಾ ಬಂದ. ಸುಬೇದಾರ್, ಕರ್ನಲ್, ಮತ್ತೊಬ್ಬ ಸುಬೇದಾರ್. ಕೊನೆಗೆ ಅಜ್ಜನ ಕಡೆ ತಿರುಗಿದ.

"ನಿಮ್ದು ಯಾವ ರೆಜಿಮೆಂಟ್ ಅಜ್ಜ?"

"ನಂದು ರೆಜಿಮೆಂಟ್ ಅಲ್ಲ ಮಗ. ದೆಹಲಿಲಿ ಫೈಲ್ ನೋಡ್ಕೊಂಡಿದ್ದೆ."

ಅವರ ತಮ್ಮ, ನಿವೃತ್ತ ಹವಾಲ್ದಾರರು, ಜೋರಾಗಿ ನಕ್ಕರು. "ನಮ್ಮಣ್ಣಂದು ಫ್ಯಾನ್ ಕೆಳಗಿನ ಸೇವೆ!" ಒಳ್ಳೆಯ ಮನುಷ್ಯ. ಆದರೆ ಸಮವಸ್ತ್ರವಿಲ್ಲದ ಕಡೆ ಅವರಿಗೆ ಸೇವೆ ಕಾಣುವುದಿಲ್ಲ. ಅಜ್ಜ ಏನೂ ಅನ್ನದೆ ಹುಡುಗನ ಎಲೆಗೆ ಇನ್ನೊಂದು ಕಡಂಬುಟ್ಟು ಹಾಕಿದರು.

ಕೈ ತೊಳೆಯುವಾಗ ಅಜ್ಜನನ್ನು ಕೇಳಿದೆ, "ಯಾವ ಇಲಾಖೆ ಮಾವ?"

"ಕ್ಯಾಬಿನೆಟ್ ಸೆಕ್ರೆಟೇರಿಯಟ್."

"ಮೇಲೆ ಯಾರಿದ್ರು?"

"ನಾನು ಸೇರುವಾಗ ಕಾವ್ ಸಾಹೇಬ್ರು." ಟವೆಲ್ ಕೈಗಿತ್ತು ಒಳಗೆ ಹೋದರು.

ಆ ಹೆಸರು ಓದಿ ಬಲ್ಲೆ. ರಾಮೇಶ್ವರನಾಥ ಕಾವ್ 1918ರಲ್ಲಿ ವಾರಾಣಸಿಯಲ್ಲಿ ಹುಟ್ಟಿದವರು. 1940ರಲ್ಲಿ ಪೊಲೀಸ್ ಸೇವೆ, ಸ್ವಾತಂತ್ರ್ಯ ಬರುವ ಹೊತ್ತಿಗೆ ಗುಪ್ತಚರ ದಳ. 1955ರಲ್ಲಿ ಬಾಂಡುಂಗ್ ಸಮ್ಮೇಳನಕ್ಕೆ ಹೊರಟವರಿದ್ದ ಏರ್ ಇಂಡಿಯಾದ 'ಕಾಶ್ಮೀರ್ ಪ್ರಿನ್ಸೆಸ್' ವಿಮಾನ ಬಾಂಬಿನಿಂದ ಸಮುದ್ರಕ್ಕೆ ಬಿದ್ದು 16 ಜನ ಸತ್ತಾಗ ಅದರ ತನಿಖೆಗೆ ಹೋದದ್ದು ಇವರೇ. ಚೀನಾದೊಡನೆ 1962ರಲ್ಲಿ, ಪಾಕಿಸ್ತಾನದೊಡನೆ 1965ರಲ್ಲಿ ನಡೆದ ಯುದ್ಧಗಳು ಹೊರದೇಶದ ಬೇಹಿನಲ್ಲಿ ನಾವೆಷ್ಟು ಹಿಂದಿದ್ದೇವೆಂದು ತೋರಿಸಿದ ಮೇಲೆ, 1968ರ ಸೆಪ್ಟೆಂಬರಿನಲ್ಲಿ ಹೊರದೇಶದ ಬೇಹಿಗೆಂದೇ 'ರಾ' ಸಂಸ್ಥೆ ಹುಟ್ಟಿತು, ಅದೇ ಕ್ಯಾಬಿನೆಟ್ ಸೆಕ್ರೆಟೇರಿಯಟ್ ಅಡಿಯಲ್ಲಿ. ಕಾವ್ ಅದರ ಮೊದಲ ಮುಖ್ಯಸ್ಥರು. 1977ರವರೆಗೂ ಅವರೇ, ಬಾಂಗ್ಲಾ ವಿಮೋಚನೆಯೂ ಆ ಅವಧಿಯದೇ. 2002ರಲ್ಲಿ ತೀರಿಕೊಂಡರು. ಅವರ ಫೋಟೋಗಳೇ ಅಪರೂಪ.

ಅಂಥವರ ಕೈಕೆಳಗೆ ದುಡಿದವರು ಮೊಮ್ಮಗನ ಮುಂದೆ ಗುಮಾಸ್ತರಾಗಿ ಕೂತಿದ್ದರು. ಅಂದಿನಿಂದ ಮನಸ್ಸು ಆ ಕಡಂಬುಟ್ಟು ಹಾಕಿದ ಕೈಗೇ ಹೋಗಿ ನಿಲ್ಲುತ್ತಿದೆ.

ಸೈನಿಕರನ್ನು ಮರೆಯದ ನಾಡು ನಮ್ಮದು. ಕಾರ್ಯಪ್ಪ, ತಿಮ್ಮಯ್ಯ ಅಂದರೆ ಮಕ್ಕಳೂ ನೆಟ್ಟಗೆ ನಿಲ್ಲುತ್ತಾರೆ. ತಿಮ್ಮಯ್ಯನವರ ಮಡಿಕೇರಿಯ ಮನೆ 'ಸನ್ನಿಸೈಡ್' 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಅದೇ ವರ್ಷ ಮೇ 31ರಂದು ಪಿಂಚಣಿ ನಿಯಮ ಬಿಗಿಯಾಯಿತು: ಗುಪ್ತಚರ ಸಂಸ್ಥೆಯಿಂದ ನಿವೃತ್ತರಾದವರು ಸಂಸ್ಥೆಯ ಕೆಲಸದ ಬಗ್ಗೆ ಮುಖ್ಯಸ್ಥರ ಅನುಮತಿಯಿಲ್ಲದೆ ಏನನ್ನೂ ಪ್ರಕಟಿಸುವಂತಿಲ್ಲ. ದೇಶದ ಗುಟ್ಟು ಉಳಿಯಬೇಕು, ಒಪ್ಪುತ್ತೇನೆ. ಆದರೆ ಐವತ್ತು ವರ್ಷ ಕಳೆದ ಮೇಲೂ ಆ ಗುಟ್ಟಿನ ಭಾರವನ್ನು ತಮ್ಮನ ನಗುವಿನ ಎದುರು ಒಬ್ಬನೇ ಹೊರುವುದಿದೆಯಲ್ಲ, ಅದಕ್ಕೆ ಯಾವ ಪದಕವೂ ಇಲ್ಲ. ನನಗದು ಅನ್ಯಾಯ ಅನ್ನಿಸುತ್ತದೆ.

ನಿನ್ನೆ ಗೆಳತಿ ಫೋನ್ ಮಾಡಿದ್ದಳು. "ಮಾವ ಯಾರ ಹತ್ರನೂ ಮಾತಾಡಲ್ಲ, ನಿನ್ನ ಹತ್ರ ಏನು ಹೇಳ್ತಿದ್ರು?"

"ಏನಿಲ್ಲ," ಅಂದೆ, "ಟವೆಲ್ ಕೊಟ್ರು."