ಮೂವತ್ತೆರಡನೆಯ ದನಿ

ನಾನು ಓದಿದ ಗಂಡುಮಕ್ಕಳ ವಸತಿ ಶಾಲೆ ಚಿತ್ರದುರ್ಗದ ಹೊರಗೆ, ಜೋಗಿಮಟ್ಟಿಯ ಬೆಟ್ಟಸಾಲು ಕಣ್ಣಿಗೆ ಬೀಳುವ ಒಂದು ಬಯಲಿನಲ್ಲಿತ್ತು. ಹುಡುಗರನ್ನು ನಾಲ್ಕು ಹೌಸ್‌ಗಳಾಗಿ ಹಂಚಿದ್ದರು. ತುಂಗಾ, ಭದ್ರಾ, ವೇದಾವತಿ, ಹರಿದ್ರಾ ಎಂದು ನಮ್ಮ ಸೀಮೆಯ ನದಿಗಳ ಹೆಸರನ್ನೇ ಅವಕ್ಕೆ ಇಟ್ಟಿದ್ದರು. ನಾನು ವೇದಾವತಿಯವನು. ಐದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗಿನ ಮೂವತ್ತೆರಡು ಹುಡುಗರು ಎರಡು ಉದ್ದನೆಯ ಕೋಣೆಗಳಲ್ಲಿ, ಮಂಚದ ಕೆಳಗೊಂದು ತಗಡಿನ ಟ್ರಂಕು, ತಲೆಯ ಮೇಲೊಂದು ಮೊಳೆ ಎಂಬಷ್ಟೇ ಆಸ್ತಿಯಲ್ಲಿ ಒಟ್ಟಿಗೆ ಬದುಕುತ್ತಿದ್ದೆವು. ಬೆಳಿಗ್ಗೆ ಐದಕ್ಕೆ ಗಂಟೆ, ತೊಟ್ಟಿಯ ಮುಂದೆ ಬಕೆಟ್ಟುಗಳ ಸಾಲು, ರಾತ್ರಿ ಮುದ್ದೆ ಸಾರಿನ ಊಟವಾದ ಮೇಲೆ ಹಾಜರಿ. ಇವೆಲ್ಲ ವಸತಿ ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತಿರುವುದೇ ಆದ್ದರಿಂದ ಅದನ್ನು ವಿಸ್ತರಿಸುವುದಿಲ್ಲ. ನಾನು ಬರೆಯಬೇಕೆಂದಿರುವುದು ಹಾಜರಿಯ ನಂತರದ ಅರ್ಧ ಗಂಟೆಯ ಬಗ್ಗೆ, ಅಂದರೆ ಹೌಸಿನ ಹಾಡಿನ ಬಗ್ಗೆ.

ಪ್ರತಿ ವರ್ಷ ಡಿಸೆಂಬರಿನಲ್ಲಿ ಹೌಸ್‌ಗಳ ನಡುವೆ ಸಮೂಹ ಗಾಯನ ಸ್ಪರ್ಧೆ ನಡೆಯುತ್ತಿತ್ತು. ಒಂದು ವಚನ, ಒಂದು ಜನಪದ ಗೀತೆ, ಒಂದು ನಾಡಗೀತೆ ಹೀಗೆ ಮೂರು ಹಾಡು ಹೇಳಬೇಕು. ಅದರ ನಿಯಮ ಒಂದೇ: ಹೌಸಿನ ಪ್ರತಿಯೊಬ್ಬ ಹುಡುಗನೂ ವೇದಿಕೆಯ ಮೇಲೆ ನಿಂತು ಹಾಡಬೇಕು. ಚೆನ್ನಾಗಿ ಹಾಡುವ ಎಂಟು ಜನರನ್ನು ಆರಿಸಿಕೊಂಡು ಉಳಿದವರನ್ನು ಚಪ್ಪಾಳೆಗೆ ಕೂರಿಸುವ ಹಾಗಿರಲಿಲ್ಲ. ಈ ನಿಯಮ ಮಾಡಿದವರು ನಮ್ಮ ಸಂಗೀತದ ಮೇಷ್ಟ್ರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ, ಪುಟ್ಟರಾಜ ಗವಾಯಿಗಳ ನೆರಳಿನಲ್ಲಿ ಕಲಿತು ಬಂದವರು. ವಾರಕ್ಕೆರಡು ದಿನ ದಾವಣಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ದಾವಣಗೆರೆ ಆಗಿನ್ನೂ ಚಿತ್ರದುರ್ಗ ಜಿಲ್ಲೆಯ ಊರೇ ಆಗಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಗೇಟಿನಿಂದ ಸಂಗೀತದ ಕೋಣೆಯವರೆಗೆ ಅವರ ಕೈ ಹಿಡಿದು ಕರೆತರುವ ಪಾಳಿ ನಮ್ಮದು. ಯಾರು ಕೈ ಹಿಡಿದರೂ ಅವರು ಹೆಸರು ಕೇಳುತ್ತಿರಲಿಲ್ಲ, ನಮ್ಮ ಕೆಮ್ಮಿನಲ್ಲಿ, ನಡಿಗೆಯಲ್ಲಿ ಗುರುತು ಹಿಡಿಯುತ್ತಿದ್ದರು.

ಹೌಸಿಗೊಂದು ಹಾರ್ಮೋನಿಯಂ ಇತ್ತು. ವೇದಾವತಿಯದು ಹಳೆಯದು, ತಿದಿಯ ಚರ್ಮದ ಮೂಲೆಗಳಿಗೆ ಎಷ್ಟೋ ಸಲ ಅಂಟು ಹಚ್ಚಿದ್ದು. ಮಳೆಗಾಲದಲ್ಲಿ ತೇವ ಹಿಡಿದು ಮರ ಉಬ್ಬಿ ಒಂದೊಂದು ಮನೆ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿ, ಒತ್ತಿದರೆ ಮೇಲೇಳುತ್ತಿರಲಿಲ್ಲ. ಬೇಸಿಗೆಯಲ್ಲಿ ದುರ್ಗದ ಗಾಳಿ ತರುವ ಕೆಂಧೂಳು ರೀಡಿನ ಹಿತ್ತಾಳೆಯ ನಾಲಿಗೆಯಡಿ ಸೇರಿಕೊಂಡು ಸ್ವರವೇ ಹೊರಡುತ್ತಿರಲಿಲ್ಲ. ಒಂಬತ್ತನೆಯ ತರಗತಿಯ ಹೊತ್ತಿಗೆ ಅದರ ಯೋಗಕ್ಷೇಮ ನನ್ನ ಪಾಲಿಗೆ ಬಂದಿತ್ತು. ಮೇಲಿನ ಹಲಗೆಯನ್ನು ಬಿಚ್ಚಿ, ನೋಟ್‌ಬುಕ್ಕಿನ ಹಾಳೆಯಿಂದ ಕತ್ತರಿಸಿದ ಸಣ್ಣ ಪಟ್ಟಿಯನ್ನು ಹಿತ್ತಾಳೆಯ ನಾಲಿಗೆಗೂ ಅದರ ಚೌಕಟ್ಟಿಗೂ ನಡುವೆ ಮೆಲ್ಲಗೆ ಎಳೆದರೆ ಕೂದಲೆಳೆಯಷ್ಟು ದಪ್ಪದ ಧೂಳಿನ ದಾರ ಹೊರಬರುತ್ತಿತ್ತು. ಅದು ಬಂದ ಕೂಡಲೇ ಸತ್ತು ಬಿದ್ದಿದ್ದ ನಿಷಾದ ಮತ್ತೆ ಮಾತಾಡುತ್ತಿತ್ತು. ನಾಲಿಗೆಯನ್ನು ಮಾತ್ರ ಬಗ್ಗಿಸಬಾರದು, ಬಗ್ಗಿದರೆ ಶ್ರುತಿಯೇ ಹೋಯಿತು.

ಆದರೂ ಮೇಷ್ಟ್ರಿಗೆ ಆ ಪೆಟ್ಟಿಗೆಯ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಆಕಾಶವಾಣಿಯು 1940ರಿಂದ ಮೂರು ದಶಕ ಹಾರ್ಮೋನಿಯಂ ಅನ್ನು ದೂರವಿಟ್ಟಿತ್ತು ಎಂಬುದನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ಹಾರ್ಮೋನಿಯಂನಲ್ಲಿ ಹನ್ನೆರಡು ಮನೆಗಳನ್ನೂ ಸಮವಾಗಿ ಹಂಚಿರುವುದರಿಂದ ಅದರ ಗಾಂಧಾರ, ಅಂದರೆ ‘ಗ’ ಸ್ವರ, ತಂಬೂರಿಯ ನಾದದೊಳಗಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಒಂದು ಎಳೆ ಏರಾಗಿ ನಿಲ್ಲುತ್ತದೆ. ಭೂಪಾಲಿಯಂಥ ಐದೇ ಸ್ವರದ ರಾಗದಲ್ಲಿ ಗಾಂಧಾರವೇ ಜೀವವಾದ್ದರಿಂದ ಆ ಎಳೆ ಕಿವಿಗೆ ಚುಚ್ಚುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷ ಪೆಟ್ಟಿಗೆ ಮುಚ್ಚಿಡಿಸಿ ತಂಬೂರಿಯೊಂದರ ಜೊತೆಗೇ ನಮ್ಮನ್ನು ಷಡ್ಜ, ಅಂದರೆ ಆಧಾರದ ‘ಸ’ ಸ್ವರ, ಹಿಡಿಸುತ್ತಿದ್ದರು. "ಪಕ್ಕದವನ ದನಿ ಕೇಳಸೂದಿಲ್ಲ ಅಂದ್ರ ನೀ ಜೋರ ಹಾಡಾಕತ್ತೀ ಅಂತ ತಿಳಿ" ಎನ್ನುತ್ತಿದ್ದರು.

ವಚನ ಹಾಡಿಸುವುದರಲ್ಲಿ ಅವರ ಶ್ರಮ ಹೆಚ್ಚು. ಮಲ್ಲಿಕಾರ್ಜುನ ಮನ್ಸೂರರಂಥವರು ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ್ದರು ನಿಜ, ಆದರೆ ಒಬ್ಬ ಗಾಯಕ ಹಾಡುವುದು ಬೇರೆ, ಮೂವತ್ತೆರಡು ಹುಡುಗರು ಹಾಡುವುದು ಬೇರೆ. ವಚನಕ್ಕೆ ಪದ್ಯದ ಹಾಗೆ ಸಮವಾದ ಸಾಲುಗಳಿಲ್ಲ. ಒಂದು ಸಾಲು ಮೂರು ಮಾತಿನದಾದರೆ ಮುಂದಿನದು ಹತ್ತು ಮಾತಿನದು. ಅದನ್ನು ಕೇರವಾ ಎಂಬ ತಾಳದ ಎಂಟು ಮಾತ್ರೆಯ ಮೇಲೆ ಕೂರಿಸುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದು ಎಲ್ಲರಿಗೂ ಒಂದೇ ಸಲ ಗೊತ್ತಿರದಿದ್ದರೆ ಅರ್ಥವೇ ಮುರಿಯುತ್ತದೆ. ಆದ್ದರಿಂದ ಮೊದಲ ವಾರವೆಲ್ಲ ಹಾಡೇ ಇಲ್ಲ, ಬರೀ ಓದು ಮತ್ತು ಉಸಿರು. ಕರೆಂಟು ಹೋದ ರಾತ್ರಿಗಳಲ್ಲಿ ಕತ್ತಲಲ್ಲಿ ಮಂಚಗಳ ಮೇಲೆ ಕೂತು ಹೀಗೆ ಒಟ್ಟಾಗಿ ಉಸಿರೆಳೆದು ಓದಿದ್ದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಮನೆಯ ನೆನಪಿಗೆ ಮುಸುಕೆಳೆದು ಅಳುತ್ತಿದ್ದ ಐದನೆಯ ತರಗತಿಯ ಮಕ್ಕಳು ಎದ್ದು ಬಂದು ನಮ್ಮ ನಡುವೆ ಕೂರುತ್ತಿದ್ದುದು ಆ ಹೊತ್ತಿನಲ್ಲೇ.

1996ರ ಸ್ಪರ್ಧೆಗೆ ನಾನು ವೇದಾವತಿಯ ಹಾಡಿನ ಲೀಡರ್. ಜನಪದ ಗೀತೆಯನ್ನು ನಮಗೆ ಕೊಟ್ಟವನು ಎಂಟನೆಯ ತರಗತಿಯ ಒಬ್ಬ ಹುಡುಗ. ಚಳ್ಳಕೆರೆ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯವನು. ಓದು ಬರಹವಿಲ್ಲದೆಯೇ ಸಾವಿರಾರು ಸಾಲುಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಜನಪದ ಹಾಡುಗಾರ್ತಿ ಸಿರಿಯಜ್ಜಿಯ ತಾಲ್ಲೂಕು ಅದು. ಗೊಲ್ಲರ ವೀರ ಜುಂಜಪ್ಪನ ಕಥೆಯನ್ನು ಗಣೆ ಎಂಬ ಉದ್ದನೆಯ ಬಿದಿರಿನ ಕೊಳಲಿನ ನಾದದೊಡನೆ ರಾತ್ರಿಯಿಡೀ ಹಾಡುವವರ ನಡುವೆ ಬೆಳೆದ ಆ ಹುಡುಗ ತನ್ನ ಅಜ್ಜಿ ಹೇಳುತ್ತಿದ್ದ ಒಂದು ಪದವನ್ನು ಹೌಸಿಗೆಲ್ಲ ಕಲಿಸಿದ. ಒಬ್ಬರು ಸೊಲ್ಲೆತ್ತಬೇಕು, ಉಳಿದವರು ಅದರ ಬಾಲ ಹಿಡಿದು ತಿರುಗಿ ಹೇಳಬೇಕು, ಸೊಲ್ಲೆತ್ತಿದವರು ಆಗ ಉಸಿರು ತೆಗೆದುಕೊಳ್ಳಬೇಕು. ಆಗಸ್ಟಿನಲ್ಲಿ ಅವನೇ ಸೊಲ್ಲೆತ್ತುತ್ತಿದ್ದ. ನವೆಂಬರಿನ ಹೊತ್ತಿಗೆ ಅವನ ದನಿ ಒಡೆಯತೊಡಗಿತು.

ನಾವು ಕರಿ ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆಯನ್ನು ಷಡ್ಜವಾಗಿಟ್ಟುಕೊಂಡು ಹಾಡುತ್ತಿದ್ದೆವು, ಏಕೆಂದರೆ ಸಣ್ಣ ಹುಡುಗರ ದನಿ ಅಲ್ಲಿ ಬೆಳ್ಳಿಯ ಹಾಗೆ ಮೊಳಗುತ್ತಿತ್ತು, ತೀರ್ಪುಗಾರರಿಗೂ ಅದೇ ಇಷ್ಟವೆಂದು ನನಗೆ ಗೊತ್ತಿತ್ತು. ಆ ಎತ್ತರದಲ್ಲಿ ಅವನ ದನಿ ಪಂಚಮದ, ಅಂದರೆ ‘ಪ’ ಸ್ವರದ, ಹತ್ತಿರ ಬಂದ ಕೂಡಲೇ ಜಾರಿ ಕೆಳಗೆ ಬೀಳುತ್ತಿತ್ತು. ಸ್ಪರ್ಧೆಯ ಹಿಂದಿನ ರಾತ್ರಿ ಅವನನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, "ನಾಳೆ ನೀನು ಸುಮ್ನೆ ಬಾಯಿ ಆಡ್ಸು ಸಾಕು, ದನಿ ತೆಗೀಬೇಡ" ಎಂದೆ. ಅವನು ತಲೆ ಆಡಿಸಿದ. ಕೈಯಲ್ಲಿದ್ದ ಊಟದ ತಟ್ಟೆಯನ್ನು ತೊಳೆದು ಮುಗಿಸಿದ್ದರೂ ಮತ್ತೊಮ್ಮೆ ನೀರಿಗೆ ಹಿಡಿದು ತೊಳೆಯುತ್ತಾ ನಿಂತ.

ನಾವು ಗೆದ್ದೆವು. ಬಹುಮಾನದ ಗದ್ದಲ ಮುಗಿದ ಮೇಲೆ ಮೇಷ್ಟ್ರನ್ನು ಗೇಟಿನವರೆಗೆ ಕರೆದುಕೊಂಡು ಹೋಗುವ ಪಾಳಿ ನನ್ನದೇ ಆಗಿತ್ತು. ದಾರಿಯುದ್ದಕ್ಕೂ ಅವರು ಗೆಲುವಿನ ಮಾತೆತ್ತಲಿಲ್ಲ. ಗೇಟಿನ ಹತ್ತಿರ ಬಂದಾಗ ಆ ಹುಡುಗನ ಹೆಸರು ಹೇಳಿ, "ಅವನ ದನಿ ಎಲ್ಲಿ ಹೋಗಿತ್ತೋ ಇವತ್ತ?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಅವರು ನನ್ನ ಕೈಯನ್ನು ಬಿಡದೆ ಸ್ವಲ್ಪ ಹೊತ್ತು ನಿಂತು, ಬಸ್ಸಿನ ಸದ್ದು ಕೇಳಿದ ಮೇಲೆ ಬಿಟ್ಟರು. ಆ ಹುಡುಗ ಆಮೇಲೆ ಬೆಳಗಿನ ಪ್ರಾರ್ಥನೆಯಲ್ಲೂ ಬಾಯಷ್ಟೇ ಆಡಿಸುತ್ತಿದ್ದ. ಅವನ ಪಕ್ಕದಲ್ಲೇ ನಿಲ್ಲುತ್ತಿದ್ದ ನನಗೆ ಅದು ಹತ್ತನೆಯ ತರಗತಿ ಮುಗಿಯುವವರೆಗೂ ದಿನವೂ ಕೇಳಿಸುತ್ತಿತ್ತು. ತಪ್ಪಾಯಿತೆಂದು ಅವನಿಗೆ ಹೇಳುವ ಧೈರ್ಯ ಆಗ ನನಗೆ ಬರಲಿಲ್ಲ.

ಈಗ ನಾನು ದಾವಣಗೆರೆಯ ಸಮೀಪದ ಒಂದು ವಸತಿ ಶಾಲೆಯಲ್ಲಿ ಹೌಸ್ ಮಾಸ್ಟರ್. ಹನ್ನೆರಡರಿಂದ ಹದಿನೈದು ವರ್ಷದೊಳಗೆ ಹುಡುಗರ ಗಂಟಲಗೂಡು ಬೆಳೆದು, ಧ್ವನಿತಂತುಗಳು ಉದ್ದವಾಗಿ ದಪ್ಪವಾಗಿ, ದನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಆ ತಿಂಗಳುಗಳಲ್ಲಿ ಹುಡುಗನಿಗೆ ಸಲೀಸಾಗಿ ಸಿಗುವ ಸ್ವರಗಳು ಐದೋ ಆರೋ ಇರಬಹುದು, ಆದರೆ ಆ ಐದಾರು ಸ್ವರಗಳು ಖಂಡಿತವಾಗಿಯೂ ಇರುತ್ತವೆ. ಅವನ್ನು ಹುಡುಕಿ ಹಾಡನ್ನು ಅಲ್ಲಿಗೆ ತರುವುದು ನಮ್ಮ ಕೆಲಸ. ಹಾಗಾಗಿ ನಮ್ಮ ಹೌಸಿನ ಷಡ್ಜವನ್ನು ಕರಿ ನಾಲ್ಕರಿಂದ ಬಿಳಿ ಐದಕ್ಕೆ, ಅಂದರೆ ಐದನೆಯ ಬಿಳಿ ಮನೆಗೆ, ಇಳಿಸಿದ್ದೇನೆ. ಇಳಿದದ್ದು ಒಂದೇ ಮನೆ, ಆದರೆ ಷಡ್ಜದಿಂದ ಪಂಚಮದೊಳಗೇ ಮುಗಿಯುವ ಹಾಡುಗಳನ್ನು ಆರಿಸಿಕೊಂಡರೆ ಆ ಒಂದು ಮನೆಯೇ ಸಾಕಾಗುತ್ತದೆ. ಚಿಕ್ಕವರಿಗೆ ಷಡ್ಜ ತುಸು ತಗ್ಗು, ದನಿ ಒಡೆದವರಿಗೆ ಪಂಚಮ ತುಸು ಎತ್ತರ, ಆದರೆ ಯಾರೂ ಹೊರಗುಳಿಯುವುದಿಲ್ಲ. ಅಷ್ಟೂ ಸಿಗದ ದಿನ ಹುಡುಗ ಷಡ್ಜವೊಂದನ್ನೇ ಹಿಡಿದು ನಿಲ್ಲುತ್ತಾನೆ, ಉಳಿದವರು ಅವನ ಮೇಲೆ ಹಾಡುತ್ತಾರೆ. ಇದರಿಂದ ಹಾಡಿನ ಹೊಳಪು ಕಡಿಮೆಯಾಗುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಕಡಿಮೆಯಾಗುತ್ತದೆ, ನಿಜ. ಕಳೆದ ಮೂರು ವರ್ಷಗಳಲ್ಲಿ ನಾವು ಒಮ್ಮೆಯೂ ಮೊದಲ ಸ್ಥಾನಕ್ಕೆ ಬಂದಿಲ್ಲ. ಆದರೆ ನಿಯಮ ಇರುವುದು ಎಲ್ಲರೂ ಹಾಡಲಿ ಎಂದು, ಎಲ್ಲರೂ ನಿಲ್ಲಲಿ ಎಂದಲ್ಲ.

ಈ ವರ್ಷದ ಅಭ್ಯಾಸ ಕಳೆದ ಸೋಮವಾರ ಶುರುವಾಯಿತು. ನನ್ನ ನೋಟ್‌ಬುಕ್ಕಿನಲ್ಲಿ ಮೂವತ್ತಾರು ಹೆಸರುಗಳಿವೆ. ಪ್ರತಿ ಹೆಸರಿನ ಮುಂದೆ ಆ ಹುಡುಗನಿಗೆ ಸುಲಭವಾಗಿ ಎಟುಕುವ ಕೆಳಗಿನ ಸ್ವರ, ಮೇಲಿನ ಸ್ವರ ಎರಡನ್ನೂ ಬರೆದುಕೊಂಡಿದ್ದೇನೆ. ಮೂವರ ಮುಂದೆ ಮಾತ್ರ ಪೆನ್ಸಿಲ್ಲಿನಲ್ಲಿ ಬರೆದಿದ್ದೇನೆ, ಏಕೆಂದರೆ ಅವರ ದನಿ ಈ ತಿಂಗಳು ದಿನಕ್ಕೊಂದು ಥರ. ಹಾಜರಿಯಾದ ಮೇಲೆ ಅವರನ್ನು ಹಾರ್ಮೋನಿಯಂ ಪಕ್ಕದಲ್ಲಿ ಕೂರಿಸಿಕೊಂಡು, ಹಿಂದಿನ ದಿನ ಬರೆದದ್ದನ್ನು ಅಳಿಸಿ ಮತ್ತೆ ಬರೆಯುತ್ತೇನೆ.