ಎಡಗೈಗೆ ಸಿಗುವ ಹುಳಿ

ನಮ್ಮ ಕಡೆ ಊಟಕ್ಕೆ ಕೂತ ಮೇಲೆ ಬಲಗೈ ತಟ್ಟೆಗೆ ಮೀಸಲು. ಒಂದು ತುತ್ತು ಬಾಯಿಗೆ ಹೋಯಿತೆಂದರೆ ಅದು ಎಂಜಲು ಕೈ. ಆಮೇಲೆ ನೀರಿನ ಲೋಟ ಎತ್ತುವುದು, ಸೌಟು ಹಿಡಿಯುವುದು, ಪಕ್ಕದವರಿಗೆ ಉಪ್ಪಿನಕಾಯಿ ಭರಣಿ ದಾಟಿಸುವುದು ಎಲ್ಲ ಎಡಗೈಯ ಪಾಲು. ಬಡಿಸುವವರು ಇದ್ದರೆ ಈ ತಾಪತ್ರಯ ಇಲ್ಲ. ಉಡುಪಿಯ ಕೃಷ್ಣಮಠದ ಭೋಜನಶಾಲೆಯಲ್ಲಿ ಪಂಕ್ತಿಗೆ ಕೂತವರು ಎಲೆಯ ಮುಂದಿನಿಂದ ಅಲುಗಬೇಕಾಗಿಲ್ಲ, ಅನ್ನ ಸಾರು ತಾವಾಗಿ ನಡೆದು ಬರುತ್ತವೆ. ಮನೆಯ ಮೇಜಿನಲ್ಲಿ ಹಾಗಲ್ಲ. ಹುಳಿಯ ಪಾತ್ರೆ ಆಚೆ ತುದಿಯಲ್ಲಿ, ನಾನು ಈಚೆ ತುದಿಯಲ್ಲಿ, ನಡುವೆ ನಾಲ್ಕು ಲೋಟ. ಬಿಸಿ ಪಾತ್ರೆಯನ್ನು ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ ದಾಟಿಸುವುದು ಊಟದ ಭಾಗವೇ ಅಲ್ಲ, ಅದು ಸರ್ಕಸ್ಸು.

ನಮ್ಮ ಕುಂಜಿಬೆಟ್ಟಿನ ಮನೆಯಲ್ಲಿ ಈ ಸರ್ಕಸ್ಸು ಇಲ್ಲದಿದ್ದದ್ದು ಅತ್ತೆ ನಿಂತೇ ಇರುತ್ತಿದ್ದುದರಿಂದ. ಮೊಣಗಂಟು ನೋವು, ಆದರೂ ಗೋಡೆಗೆ ಒರಗಿ ನಿಂತು ಯಾರ ತಟ್ಟೆಯಲ್ಲಿ ಏನು ಖಾಲಿ ಆಯಿತು ಎಂದು ನೋಡುತ್ತಿದ್ದರು. ನಾನು ಬಡಿಸುತ್ತೇನೆಂದರೆ ಕೆಲಸಕ್ಕೆ ಹೋಗುವವಳು ಕೂತು ಉಣ್ಣು ಎನ್ನುತ್ತಿದ್ದರು. ನೀವೂ ಕೂತ್ಕೊಳ್ಳಿ ಎಂದರೆ, "ನಾನು ಕೂತ್ರೆ ನಿಮ್ಗೆಲ್ಲ ಹಾಕುವುದು ಯಾರು? ಆಮೇಲೆ ಉಣ್ತೇನೆ" ಎಂಬುದೇ ಉತ್ತರ. ಆಮೇಲೆ ಎಂದರೆ ತಣ್ಣಗಾದ ಮೇಲೆ, ಪಲ್ಯ ತಳ ಹಿಡಿದ ಮೇಲೆ.

ನನ್ನ ಕೆಲಸ ಮಣಿಪಾಲದಲ್ಲಿ, ಮನೆಗಳ ಒಳಾಂಗಣ ವಿನ್ಯಾಸದ್ದು. ಅಡುಗೆಮನೆಯ ಮೂಲೆಯ ಕಪಾಟಿನೊಳಗೆ ತಿರುಗುವ ಹಲಗೆ ಕೂರಿಸುವುದು ನಮಗೆ ಮಾಮೂಲು. ಅದಕ್ಕೆ ಲೇಜಿ ಸೂಸನ್ ಎಂದು ಹೆಸರು, ಹಾಗೆಂದರೆ ಸಾಕು, ಹಾರ್ಡ್‌ವೇರ್ ಅಂಗಡಿಯವರು ಬೇರಿಂಗ್ ತೆಗೆದು ಕೌಂಟರಿನ ಮೇಲಿಡುತ್ತಾರೆ. ಅದನ್ನೇ ಊಟದ ಮೇಜಿಗೆ ತಂದರೆ ಅತ್ತೆ ಕೂರಬಹುದಲ್ಲ ಎಂಬುದು ನನ್ನ ಲೆಕ್ಕ. ಚೀನೀ ಹೋಟೆಲುಗಳಲ್ಲಿ ಗಾಜಿನದ್ದು ಇರುತ್ತದೆ, ಎಲ್ಲರೂ ನೋಡಿದ್ದೇ. ಅದರ ಗಾತ್ರ, ಎತ್ತರ, ವೇಗ ಎಲ್ಲವೂ ಅವರ ಊಟಕ್ಕೆ ಸರಿಯಾಗಿ ಇರುವಂಥದ್ದು. ಅಲ್ಲಿ ತಿನ್ನುವವರ ಕೈಗೆ ಅನ್ನ ಅಂಟಿರುವುದಿಲ್ಲ, ಮುಂದೆ ಇರುವುದು ಸಣ್ಣ ಬಟ್ಟಲು. ನಮ್ಮ ತಟ್ಟೆ ಒಂದೊಂದೂ 12 ಇಂಚು.

ಆ ತಟ್ಟೆಯಿಂದಲೇ ಲೆಕ್ಕ ಶುರು. ನಮ್ಮ ಹಳೆಯ ಮೇಜು ಐದಡಿ ಉದ್ದ, ಮೂರಡಿ ಅಗಲ. ಎರಡೂ ಬದಿಗೆ ತಟ್ಟೆ ಇಟ್ಟರೆ ನಡುವೆ ಉಳಿಯುವುದು ಒಂದೇ ಅಡಿ. ಅಷ್ಟರಲ್ಲಿ ತಿರುಗುವ ಮಣೆ ಇಟ್ಟರೆ ಉಪ್ಪು, ಉಪ್ಪಿನಕಾಯಿ, ತುಪ್ಪದ ಗಿಂಡಿಗೆ ಸಾಕು, ಹುಳಿಗೆ ಜಾಗವಿಲ್ಲ. ಮೂಲೆಯಲ್ಲಿ ಕೂತವರಿಗಂತೂ ಅದೂ ಎಟಕುವುದಿಲ್ಲ. ಹಾಗಾಗಿ ಹಳೆಯ ಮೇಜಿನ ಮೇಲೆ ಕೂರುವ 54 ಇಂಚಿನ ದುಂಡು ಹಲಗೆ, ಅದರ ನಡುವೆ 28 ಇಂಚಿನ ಮಣೆ ಎಂದು ತೀರ್ಮಾನಿಸಿದೆ. ಸುತ್ತಲೂ 13 ಇಂಚು ತಟ್ಟೆಗೆ. ಆರು ಜನ ಕೂತರೆ ಒಬ್ಬೊಬ್ಬರಿಗೆ 28 ಇಂಚಿನ ಬದಿ ಸಿಗುತ್ತದೆ, ಮೊಣಕೈ ತಾಗುವುದಿಲ್ಲ. ಬಾಳೆಎಲೆ ಹಾಕುವ ದಿನ ಮಾತ್ರ ಇದು ಆಗದು. ಹಬ್ಬದ ದಿನ ನೆಲವೇ ಸೈ.

ನಕ್ಷೆ ಹಿಡಿದು ಕಟಪಾಡಿ ಹತ್ತಿರದ ಬಡಗಿ ಆಚಾರ್ರ ಕೊಟ್ಟಿಗೆಗೆ ಹೋದೆ. ನಮ್ಮ ಆಫೀಸಿನ ಕೆಲಸ ಅವರೇ ಮಾಡುವುದು. ಪ್ಲೈವುಡ್ಡಿಗೆ ಲ್ಯಾಮಿನೇಟ್ ಅಂಟಿಸಿ ಅಂಟಿಸಿ ಬೇಸತ್ತ ಮನುಷ್ಯನಿಗೆ ಹಲಸಿನ ಹಲಗೆಯ ಕೆಲಸ ಎಂದೊಡನೆ ಹುರುಪು ಬಂತು. ಆದರೆ ಆಟಿಯ, ಅಂದರೆ ಆಷಾಢದ ಹೊತ್ತಿನ ತುಳು ತಿಂಗಳ, ಮಳೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಮರ ಉಬ್ಬುವುದು ಎಲ್ಲರಿಗೂ ಗೊತ್ತು, ಬಾಗಿಲು ಹಾಕಲಿಕ್ಕೆ ಬರುವುದಿಲ್ಲ. ಅದು ಉಬ್ಬುವುದು ಹೆಚ್ಚಾಗಿ ಎಳೆಗೆ ಅಡ್ಡಲಾಗಿ, ಉದ್ದಕ್ಕೆ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅಂದರೆ ಚಳಿಗಾಲದಲ್ಲಿ ಕೊರೆದ ದುಂಡು ಮಣೆ ಆಟಿಗೆ ಮೊಟ್ಟೆಯಾಗಿ ನಿಲ್ಲಬಹುದು. ಆಚಾರ್ರು ನಾಲ್ಕು ಹಲಗೆ ಜೋಡಿಸಿ, ಅಡಿಗೆ ಎರಡು ಪಟ್ಟಿ ಕೊಟ್ಟು, ಆ ಪಟ್ಟಿಯಲ್ಲಿ ತಿರುಪಿನ ತೂತನ್ನು ದುಂಡಗೆ ಕೊರೆಯದೆ ಉದ್ದಕ್ಕೆ ಕೊರೆದರು. ಮರ ಹಿಗ್ಗಿದರೆ ತಿರುಪು ಆ ಸಂದಿನಲ್ಲಿ ಸರಿಯುತ್ತದೆ, ಹಲಗೆ ಸೀಳುವುದಿಲ್ಲ, ಡೊಂಕಾಗುವುದೂ ಕಡಿಮೆ. ಮೇಲಿನ ಲೇಪಕ್ಕೆ ಅಗಸೆ ಎಣ್ಣೆ ಸಾಕೆಂದೆ. ತೆಂಗಿನೆಣ್ಣೆ ಒಣಗುವುದಿಲ್ಲ, ಕಮಟು ವಾಸನೆ ಹೊಡೆಯುತ್ತದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆ ಮಾಡಿನ ಪಕ್ಕಾಸಿಗೆ, ದೋಣಿಗೆ ಒಳ್ಳೆಯದು, ಗೆದ್ದಲು ಹತ್ತಿರ ಬರುವುದಿಲ್ಲ. ಆದರೆ ಚರ್ಮ ಸುಡುವ ಎಣ್ಣೆಯನ್ನು ಅನ್ನದ ಮೇಜಿಗೆ ಹಚ್ಚುವವರಿಲ್ಲ.

ಅಷ್ಟರಲ್ಲಿ ಮನೆಯಲ್ಲಿ ಅತ್ತೆಯ ತಕರಾರು ಶುರುವಾಗಿತ್ತು. ಮೊದಲನೆಯದೇ ದೊಡ್ಡದು. "ಎಂಜಲು ಕೈಯಲ್ಲಿ ಎಲ್ಲರೂ ಅದನ್ನು ಮುಟ್ಟಿ ತಿರುಗಿಸುವುದಾ? ಛೀ, ಆಗ್ಲಿಕ್ಕಿಲ್ಲ ಮಾರಾಯ್ತಿ."

ಮಡಿಯ ಹೆಸರಲ್ಲಿ ನಮ್ಮ ಕಡೆ ನಡೆದ ಪಂಕ್ತಿಭೇದದ ಬಗ್ಗೆ ನನಗೆ ಕಿಂಚಿತ್ತೂ ಗೌರವವಿಲ್ಲ. ಎಂಜಲಿನ ವಿಷಯ ಬೇರೆ, ಅದರಲ್ಲಿ ನಾನು ಅತ್ತೆಯ ಪಕ್ಷ. ಡಾಕ್ಟರ್ ವೂ ಲಿಯೆನ್-ತೆ ಕೂಡ ಇದೇ ಪಕ್ಷದವರು. ಪೆನಾಂಗಿನಲ್ಲಿ ಹುಟ್ಟಿ ಕೇಂಬ್ರಿಡ್ಜಿನಲ್ಲಿ ಓದಿದ ಈ ವೈದ್ಯರು 1910-11ರಲ್ಲಿ ಮಂಚೂರಿಯದ ಪ್ಲೇಗನ್ನು ಹತೋಟಿಗೆ ತಂದವರು, ಬಟ್ಟೆಯ ಮುಖಗವಸನ್ನು ಹಟ ಹಿಡಿದು ತೊಡಿಸಿದವರು. ಒಂದೇ ಬಟ್ಟಲಿಗೆ ಹತ್ತು ಜನರ ಚಾಪ್‌ಸ್ಟಿಕ್ ಇಳಿಯುವುದನ್ನು ನೋಡಿ, ಅದರಿಂದ ರೋಗ ಹರಡುತ್ತದೆಂದು 1915ರಲ್ಲಿ ಅವರು ಮೇಜಿನ ನಡುವೆ ತಿರುಗುವ ಹಲಗೆ ಇಡಿ, ಪ್ರತಿ ಪದಾರ್ಥಕ್ಕೂ ಅದರದೇ ಚಮಚ ಇಡಿ ಎಂದು ಸೂಚಿಸಿದರು. ಬಾಯಿಗೆ ಹೋದದ್ದು ಪಾತ್ರೆಗೆ ಹೋಗಕೂಡದು, ಅಷ್ಟೇ. ಇದನ್ನು ಅತ್ತೆಗೆ ಹೇಳಿದೆ. "ಅದನ್ನು ಡಾಕ್ಟ್ರು ಹೇಳಬೇಕಾ?" ಎಂದರು.

ಎಡಗೈಯಲ್ಲಿ ಮಾತ್ರ ತಿರುಗಿಸುವುದು ಎಂದು ಕಾನೂನು ಮಾಡಿದೆವು. ಕಾನೂನು ಬಾಯಲ್ಲಿದ್ದರೆ ಮಕ್ಕಳು ಮರೆಯುತ್ತಾರೆ, ಆದ್ದರಿಂದ ಮಣೆಯಲ್ಲೇ ಇರಬೇಕು. ಮೇಲೆ ಹಿಡಿ, ಗುಬುಟು ಏನೂ ಇಡಲಿಲ್ಲ. ಅಂಚಿನ ಕೆಳಮೈಯಲ್ಲಿ ಬೆರಳ ತುದಿ ಕೂರುವಷ್ಟು ತೋಡು ತೆಗೆಸಿದೆ. ಅಪ್ಪಿತಪ್ಪಿ ಬಲಗೈ ತಾಗಿದರೂ ಅದು ಕೆಳಗೆ, ಪಾತ್ರೆ ಇರುವ ಮೇಲ್ಮೈಗೆ ಅಲ್ಲ. ತಿರುಗುವ ದಿಕ್ಕನ್ನೂ ಅತ್ತೆಯೇ ನಿರ್ಧರಿಸಿದ್ದು: ಪ್ರದಕ್ಷಿಣೆಯಾಗಿ. ಅವರಿಗೆ ಅದು ಶಾಸ್ತ್ರ. ಕೂತು ನೋಡಿದರೆ ನನಗೆ ಅದು ಅಂಗರಚನೆ. ಮಣೆ ಪ್ರದಕ್ಷಿಣೆ ತಿರುಗುವಾಗ ನನ್ನ ಮುಂದಿನ ಅಂಚು ಬಲದಿಂದ ಎಡಕ್ಕೆ ಹೋಗುತ್ತದೆ. ಎಡಗೈ ಅದನ್ನು ತನ್ನ ಬದಿಗೆ, ಹೊರಗೆ ಎಳೆದರೆ ಆಯಿತು, ತಟ್ಟೆಯ ಮೇಲೆ ಹಾಯುವುದಿಲ್ಲ. ಅಪ್ರದಕ್ಷಿಣೆಯಾದರೆ ಎಡಗೈ ತಟ್ಟೆಯ ಮೇಲಿಂದ ಬಲಕ್ಕೆ ತಳ್ಳಬೇಕು, ತೋಳಿನ ಅಂಚು ಸಾರಿನಲ್ಲಿ ಅದ್ದುತ್ತದೆ.

ಇನ್ನೊಂದು ತಕರಾರು ಅನ್ನದ ಅಗುಳಿನದ್ದು. ಮಣೆಗೂ ಮೇಜಿಗೂ ನಡುವಿನ ಸಂದಿಗೆ ಅಗುಳು ಬಿದ್ದು, ಮಳೆಗಾಲದಲ್ಲಿ ಹುಳಿತು, ಇರುವೆ ಸಾಲು ಹಿಡಿದರೆ ಒರೆಸುವುದು ಹೇಗೆ? ಇದು ಹಳೆಯ ತಲೆನೋವು. ಅಮೆರಿಕದ ಮಿಸೌರಿಯ ಎಲಿಜಬೆತ್ ಹೊವೆಲ್ ಎಂಬಾಕೆ 1891ರಲ್ಲಿ ತಿರುಗುವ ಮೇಜಿಗೆ ಪೇಟೆಂಟ್ ಪಡೆದಾಗ, ಆಕೆಯ ಸುಧಾರಣೆಗಳಲ್ಲಿ ಒಂದು ಚೂರುಪಾರು ಸಂದಿಗೆ ಬೀಳದಂತೆ ಮಾಡಿದ್ದು. ಮೇಜು ಒರೆಸಿದವರಿಗೇ ಹೊಳೆಯುವಂಥದ್ದು. ಆಚಾರ್ರು ನಮ್ಮ ಮಣೆಯ ಅಡಿಗೆ ಸುತ್ತಲೂ ಒಂದು ಬಳೆ ಇಳಿಸಿದರು, ಮೇಜಿಗೆ ತಾಗದಷ್ಟು ಸಣ್ಣ ಸಂದು ಬಿಟ್ಟು. ಅಗುಳು ಒಳಗೆ ಹೋಗುವುದಿಲ್ಲ, ಬೇರಿಂಗಿನ ಹತ್ತಿರವಂತೂ ಇಲ್ಲವೇ ಇಲ್ಲ.

ಬೇರಿಂಗ್ 12 ಇಂಚಿನ ಅಲ್ಯುಮಿನಿಯಂ ಉಂಗುರದ್ದು. ಅದರ ಬುಡವನ್ನು ಮೇಜಿಗೆ ತಿರುಪು ಹಾಕಿಯೇ ಬಿಗಿದೆವು. ಸುಮ್ಮನೆ ಇಟ್ಟರೆ ಯಾರಾದರೂ ಅಂಚಿನಲ್ಲಿ ಮೊಣಕೈ ಊರಿದ ಕೂಡಲೆ ಆಚೆ ಬದಿಯ ತಂಬುಳಿ ಎದ್ದು ನಿಲ್ಲುತ್ತದೆ.

ಕೊಟ್ಟಿಗೆಯಲ್ಲೇ ಪರೀಕ್ಷೆ. ಹೊರಗೆ ಜಡಿಮಳೆ, ಮೇಲೆ ಶೀಟಿನ ಸದ್ದಿಗೆ ಮಾತು ಕೇಳಿಸುವುದಿಲ್ಲ. ಮನೆಯಿಂದ ಒಯ್ದಿದ್ದ 8 ಇಂಚಿನ ಪಾತ್ರೆಗೆ ಬಾಯಿಗೆ ಅರ್ಧ ಇಂಚು ಬಿಟ್ಟು ನೀರು ತುಂಬಿ ಮಣೆಯ ಅಂಚಿನ ಬಳಿ ಇಟ್ಟೆವು. ಆಚಾರ್ರು ಒಂದು ಬೆರಳಲ್ಲಿ ತಳ್ಳಿದರು. ಬೇರಿಂಗ್ ಎಷ್ಟು ನಯವೆಂದರೆ ಮಣೆ ನಿಲ್ಲಲೇ ಇಲ್ಲ. ನೀರು ಮೊದಲು ಹೊರಬದಿಗೆ ಓರೆಯಾಗಿ ಏರಿತು, ಅವರು ಕೈಕೊಟ್ಟು ನಿಲ್ಲಿಸಿದಾಗ ಮುಂದಕ್ಕೆ ಚಿಮ್ಮಿ ನನ್ನ ಸೆರಗಿಗೆ ಬಿತ್ತು. ಬಿಸಿ ಸಾರಾಗಿದ್ದರೆ? ಕಾಗದದಲ್ಲಿ ಲೆಕ್ಕ ಹಾಕಿದೆ. ನಾಲ್ಕು ಸೆಕೆಂಡಿಗೆ ಒಂದು ಸುತ್ತಾದರೆ ಆ ಪಾತ್ರೆಯಲ್ಲಿ ನೀರು ಹೊರಬದಿಗೆ ಕಾಲು ಇಂಚು ಏರುತ್ತದೆ. ಎರಡೇ ಸೆಕೆಂಡಿಗೆ ಸುತ್ತಿದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಅಂದರೆ ಒಂದು ಇಂಚು. ನಮ್ಮ ಎರಡನೇ ಮಗ ಎರಡು ಸೆಕೆಂಡಿನ ಪೈಕಿ.

ಅಂಗಡಿಯವರು ಹೊಗಳಿ ಮಾರುವ ನಯವೇ ಇಲ್ಲಿ ಬೇಡದ ಗುಣ. ಮಣೆ ಎಳೆದಾಗ ಬರಬೇಕು, ಬಿಟ್ಟಲ್ಲಿ ನಿಲ್ಲಬೇಕು. ದಪ್ಪ ಗ್ರೀಸು ತುಂಬೋಣ ಎಂದು ನಾನು, ಬಿಸಿ ಪಾತ್ರೆಯ ಕೆಳಗೆ ಗ್ರೀಸು ಸೋರುತ್ತದೆ ಎಂದು ಅವರು. ಮೂಲೆಯಲ್ಲಿ ನೇತಾಡುತ್ತಿದ್ದ ಹಳೆಯ ಸೈಕಲ್ ಟ್ಯೂಬಿನಿಂದ ಮೂರು ತುಂಡು ಕತ್ತರಿಸಿ, ಮಡಚಿ, ಮಣೆಯ ಅಡಿಗೆ ತಾಗುವಂತೆ ಬುಡಕ್ಕೆ ಹೊಡೆದರು. ಒಂದಕ್ಕೆ ತಿರುಪು ಕೊಟ್ಟು ಬಿಗಿ ಹೆಚ್ಚು ಕಡಿಮೆ ಮಾಡುವ ಹಾಗೆ. "ಈಗ ದೂಡಿ ಅಕ್ಕ." ದೂಡಿದೆ. ಕಾಲು ಸುತ್ತು ಬಂದು ನಿಂತಿತು, ಕೆಸರಿನಲ್ಲಿ ಎಮ್ಮೆ ನಿಂತ ಹಾಗೆ. ಸ್ವಲ್ಪ ಸಡಿಲಿಸಿದೆವು.

ಮನೆಗೆ ತಂದದ್ದು ಭಾನುವಾರ. ಆ ದಿನ ಪತ್ರೊಡೆ. ಜೊತೆಗೆ ತಗತೆ ಸೊಪ್ಪಿನ ಪಲ್ಯ, ಮಂಗಳೂರು ಸೌತೆಯ ಹುಳಿ, ಒಂದೆಲಗದ ತಂಬುಳಿ, ಸಾರು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಕುಚ್ಚಲಕ್ಕಿ ಅನ್ನದ ಪಾತ್ರೆಯನ್ನು ಮಣೆಯ ಮೇಲಿಡಲು ಹೋದಾಗ ಅತ್ತೆ ತಡೆದರು. ಅನ್ನ ಮುಸುರೆ, ಅದು ಬೇರೆ. ನನಗೂ ಅದು ಸರಿಕಂಡಿತು, ಕಾರಣ ಬೇರೆಯಾದರೂ: ಎಲ್ಲಕ್ಕಿಂತ ಭಾರ ಅನ್ನವೇ, ಅದು ಇಳಿದರೆ ಮಣೆಗೆ ಹಗುರ. ಅನ್ನದ ಪಾತ್ರೆ ಅತ್ತೆಯ ಕುರ್ಚಿಯ ಪಕ್ಕದ ಸ್ಟೂಲಿಗೆ ಹೋಯಿತು. ಅದನ್ನು ಬಡಿಸುವ ಅಧಿಕಾರ ಅವರಲ್ಲೇ ಉಳಿಯಿತು, ಕೂತಲ್ಲಿಂದ.

ಸೌಟುಗಳ ಬಗ್ಗೆ ಮಾತ್ರ ನಕ್ಷೆಯಲ್ಲಿ ಏನೂ ಇರಲಿಲ್ಲ. ಮೊದಲ ಸುತ್ತಿಗೇ ಹುಳಿಯ ಸೌಟಿನ ಉದ್ದ ಹಿಡಿ ಮಣೆಯ ಹೊರಗೆ ಚಾಚಿ ಮಾವನ ನೀರಿನ ಲೋಟವನ್ನು ಕೆಡವಿತು. ಹಿಡಿಯನ್ನು ಒಳಮುಖ ಮಾಡಿದರೆ ಬಿಸಿ ಹುಳಿಯ ಮೇಲೆ ಕೈ ಚಾಚಬೇಕು. ಅತ್ತೆ ಏನೂ ಹೇಳದೆ ಒಂದೊಂದೇ ಸೌಟನ್ನು ಪಾತ್ರೆಯ ಎಡಬದಿಗೆ, ಅಂಚಿನ ಉದ್ದಕ್ಕೇ ಓರೆಯಾಗಿ ಮಲಗಿಸಿದರು. ಯಾರ ಮುಂದೆ ಬಂದರೂ ಹಿಡಿ ಎಡಗೈಯ ಕಡೆಗೇ. ಸಂಜೆ ರಥಬೀದಿಯ ಪಾತ್ರೆ ಅಂಗಡಿಯಿಂದ ಗಿಡ್ಡ ಹಿಡಿಯ ಸೌಟು ತಂದೆವು.

ಊಟ ಹೇಗಾಯಿತೆಂದರೆ, ಗಲಾಟೆಯಲ್ಲಿ. ಬಡಿಸುವಾಗ ಒಂದು ಕ್ರಮ ಇರುತ್ತದೆ: ಉಪ್ಪು, ಉಪ್ಪಿನಕಾಯಿ, ಪಲ್ಯ, ಆಮೇಲೆ ಅನ್ನ, ಸಾರು, ಹುಳಿ. ಮಣೆಗೆ ಕ್ರಮ ಗೊತ್ತಿಲ್ಲ. ಒಬ್ಬ ತಂಬುಳಿಯಿಂದ ಶುರು, ಇನ್ನೊಬ್ಬಳು ಪತ್ರೊಡೆಯನ್ನೇ ಮೂರು ಸಲ. ಮಾವ ತಟ್ಟೆ ನೋಡುತ್ತಾ ಕಾದರು, ಎಂದಿನಂತೆ ಹುಳಿ ಬಂದು ಬೀಳುತ್ತದೆಂದು. ಹುಳಿ ಅವರ ಮುಂದೆಯೇ ನಿಂತಿತ್ತು. "ಎಡಗೈ ಉಂಟಲ್ಲ, ಹಾಕಿಕೊಳ್ಳಿ" ಎಂದರು ಅತ್ತೆ, ತಮ್ಮ ಪತ್ರೊಡೆಯನ್ನು ತೆಂಗಿನೆಣ್ಣೆಯಲ್ಲಿ ಅದ್ದುತ್ತಾ. ಪತ್ರೊಡೆ ಇನ್ನೂ ಬಿಸಿ ಇತ್ತು. ನಾನು ಗಮನಿಸಿದ್ದು ಅದನ್ನೇ. ಆದರೆ ಅವರು ಸುಮ್ಮನೆ ಕೂತರೆಂದಲ್ಲ. ಈಗ ನಿಂತು ನೋಡುವ ಬದಲು ಮಣೆ ಎಳೆದು ನೋಡುತ್ತಾರೆ. ಪಲ್ಯ ಮುಟ್ಟದೆ ಹಪ್ಪಳಕ್ಕೆ ಎಳೆಯುವ ಮೊಮ್ಮಗನ ಕೈಗೆ ಎದುರಾಗಿ ಅವರದೊಂದು ಕೈ ಅಂಚಿನ ಕೆಳಗೆ ಇರುತ್ತದೆ, ತಗತೆ ಸೊಪ್ಪು ಅವನ ಮುಂದಿನಿಂದ ಕದಲುವುದಿಲ್ಲ.

ಕಳೆದ ವಾರ ಆಚಾರ್ರ ಫೋನು. ಮಲ್ಪೆಯ ಕಡೆಯ ಮನೆಯೊಂದಕ್ಕೆ ಇಂಥದ್ದೇ ಬೇಕಂತೆ, ಆದರೆ ಅವರದು ಮೀನಿನ ಊಟ, ಬಂಗುಡೆ ಪುಳಿಮುಂಚಿ ಮಣ್ಣಿನ ಪಾತ್ರೆಯಲ್ಲೇ ಮೇಜಿಗೆ ಬರಬೇಕು. ಮಣ್ಣಿನ ಪಾತ್ರೆಯ ತಳ ಗುಂಡಗೆ, ಚಪ್ಪಟೆ ಮಣೆಯಲ್ಲಿ ನಿಲ್ಲದು. ಸಿಂಬಿ ಇಟ್ಟರೆ ಅದೂ ಜಾರುತ್ತದೆ. ಮಣೆಯಲ್ಲೇ ಬೋಗುಣಿಯಂತೆ ಕೊರೆಯುವುದಾ ಎಂದು ಕೇಳಿದರು. ಹಲಗೆ ಒಂದೂಕಾಲು ಇಂಚಾದರೂ ದಪ್ಪ ಬೇಕಾಗುತ್ತದೆ, ಮೊದಲು ಪಾತ್ರೆಯ ತಳದ ಅಳತೆ ಕಳಿಸಿ ಎಂದಿದ್ದೇನೆ. ಮುಳ್ಳು ಹಾಕುವ ತಟ್ಟೆಗೂ ಜಾಗ ಲೆಕ್ಕ ಹಾಕಬೇಕು.