ಬಾಣದ ಮೊನೆಯಂಥ ಮರಳದಿಬ್ಬ

ಇವತ್ತು ಮಡಗಾಸ್ಕರ್ ದಕ್ಷಿಣ ತೀರದ ಉಪಗ್ರಹ ಚಿತ್ರ ತೆರೆದೆ. ಫೆನಂಬೋಸಿಯ ಮರಳದಿಬ್ಬಗಳು. ಬಾಣದ ಮೊನೆಯ ಆಕಾರ, ಕಿಲೋಮೀಟರ್‌ಗಟ್ಟಲೆ ಒಳನಾಡಿಗೆ ಚಾಚಿವೆ.

ಹಿಂದೂ ಮಹಾಸಾಗರಕ್ಕೆ ಆಕಾಶದಿಂದ ಏನೋ ಅಪ್ಪಳಿಸಿ ಎದ್ದ ದೈತ್ಯ ಅಲೆ ಈ ಮರಳನ್ನ ಹೊತ್ತು ತಂತು ಅನ್ನೋದು ಒಂದು ವಾದ. ಮರಳಲ್ಲಿ ಕಡಲಜೀವಿಗಳ ಸೂಕ್ಷ್ಮ ಚಿಪ್ಪು ಸಿಕ್ಕಿದ್ದೇ ಅದರ ಬಲ. ಆದರೆ ಅಷ್ಟು ಹಗುರ ಚಿಪ್ಪನ್ನ ಬೀಚಿನ ಮರಳಿನ ಜೊತೆ ಗಾಳಿಯೂ ಎತ್ತಿಕೊಂಡು ಹೋಗುತ್ತೆ!

ನಾನು ಮೊದಲು ನೋಡೋದು ದಿಕ್ಕು. ಆಳ ಕಡಿಮೆಯಾದಂತೆ ಅಲೆ ಬಾಗಿ, ದಡಕ್ಕೆ ಹೆಚ್ಚುಕಡಿಮೆ ನೇರವಾಗಿ ನುಗ್ಗುತ್ತೆ. ಈ ಮೊನೆಗಳು ಹಾಗಿಲ್ಲ. ತೀರಕ್ಕೆ ಓರೆಯಾಗಿ, ಅಲ್ಲಿ ಹೆಚ್ಚಾಗಿ ಬೀಸೋ ಗಾಳಿಯ ದಿಕ್ಕಿಗೇ ಇವೆ. 2009ರಲ್ಲಿ ಬೂರ್ಜ್ವಾ ಮತ್ತು ವೈಸ್ ಅನ್ನೋ ಇಬ್ಬರು ಭೂವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದೂ ಇದನ್ನೇ.

ಗಾಳಿ ತಂದ ಮರಳಿಗೆ ಬಾಣದ ಆಕಾರ ಕೊಟ್ಟಿದ್ದು ಗಿಡಗಳು. ಅಂಚಿನ ಮರಳನ್ನ ಬೇರು ಹಿಡಿದಿಡುತ್ತೆ, ನಡುವಿನದು ಸರಿಯುತ್ತಾ ಹೋಗುತ್ತೆ. ಹಾಗಾಗಿ ಅಂಚಿನ ತೋಳು ಹಿಂದೆ, ನಡುವಿನ ಮೂಗು ಮುಂದೆ.

ಅನುಮಾನ ಇದ್ದರೆ ಅಗೆದು ನೋಡಬೇಕು. ಸುನಾಮಿ ಪದರ ಸಾಮಾನ್ಯವಾಗಿ ಸೆಂಟಿಮೀಟರ್ ಲೆಕ್ಕದ್ದು. ಕೆಳಗೆ ದಪ್ಪ ಕಣ, ಮೇಲೆ ನಯ, ಒಳನಾಡಿಗೆ ಹೋದಷ್ಟೂ ತೆಳು. ಗಾಳಿಯದ್ದಾದರೆ ಬಹುತೇಕ ಒಂದೇ ಗಾತ್ರದ ಕಣ, 30 ಡಿಗ್ರಿ ಆಸುಪಾಸಿನ ಓರೆ ಪದರ. ಮುಷ್ಟಿ ಗಾತ್ರದ ಹವಳದ ತುಂಡು ಸಿಕ್ಕರೆ ಮಾತ್ರ ಮತ್ತೆ ಅಲೆಯ ಕಡೆ ತಿರುಗಿ ನೋಡ್ತೀನಿ.